ಬೆಟ್ಟದ ಹಾದಿಯಲ್ಲಿ ಜಿಯೋಕ್ಯಾಶಿಂಗ್: ಡಬ್ಬಿ ಹುಡುಕುವವರೂ ಅಡಗಿಸುವವರೂ ತಿಳಿದಿರಬೇಕಾದುದು

ಅಪರಿಚಿತರು ಅಡಗಿಸಿಟ್ಟ ಡಬ್ಬಿಯೊಂದನ್ನು ಉಪಗ್ರಹಗಳ ನೆರವಿನಿಂದ ಹುಡುಕಿ ತೆಗೆಯುವ ಹೊರಾಂಗಣ ಆಟಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. ಡಬ್ಬಿಯನ್ನು ಅಡಗಿಸಿದವರು ಆ ಸ್ಥಳದ ಅಕ್ಷಾಂಶ ಮತ್ತು ರೇಖಾಂಶಗಳನ್ನು ಅಂತರ್ಜಾಲ ತಾಣದಲ್ಲಿ ಪ್ರಕಟಿಸುತ್ತಾರೆ. ಹುಡುಕಲು ಹೊರಟವರು ಜಿಪಿಎಸ್ ಉಪಕರಣವನ್ನೋ ಮೊಬೈಲ್ ದೂರವಾಣಿಯನ್ನೋ ಹಿಡಿದು ಅಲ್ಲಿಗೆ ತಲುಪುತ್ತಾರೆ. ಡಬ್ಬಿಯನ್ನು ತೆರೆದು, ಒಳಗಿರುವ ಪುಸ್ತಕದಲ್ಲಿ ಹೆಸರು ಹಾಗೂ ದಿನಾಂಕ ಬರೆದು, ಮೊದಲಿದ್ದ ಜಾಗದಲ್ಲಿಯೇ ಅದನ್ನಿರಿಸಿ ಹಿಂದಿರುಗುತ್ತಾರೆ. ಒಳಗಿರುವ ಪುಟ್ಟ ಗೊಂಬೆಯನ್ನೋ ನಾಣ್ಯವನ್ನೋ ತೆಗೆದುಕೊಂಡರೆ ಅದಕ್ಕೆ ಸಮನಾದ ಅಥವಾ ಹೆಚ್ಚಿನ ಬೆಲೆಯ ವಸ್ತುವೊಂದನ್ನು ಇಡತಕ್ಕದ್ದು. ಆಟದ ಸ್ವರೂಪ ಇಷ್ಟೇ. ಇಂದು ಜಗತ್ತಿನಾದ್ಯಂತ 30 ಲಕ್ಷಕ್ಕೂ ಹೆಚ್ಚು ಇಂತಹ ಅಡಗುತಾಣಗಳಿವೆ. ನಗರದ ಉದ್ಯಾನಗಳಲ್ಲಿಯೂ, ಸೇತುವೆಗಳ ಬದಿಯಲ್ಲಿಯೂ, ಬೆಟ್ಟಗಳ ಚಾರಣ ಹಾದಿಗಳ ಅಂಚಿನಲ್ಲಿಯೂ ಇವು ಹರಡಿಕೊಂಡಿವೆ.

ನಗರದ ಡಬ್ಬಿಗಿಂತ ಬೆಟ್ಟದ ಡಬ್ಬಿಯ ಕಥೆ ಬೇರೆ. ಉದ್ಯಾನದ ಬೆಂಚಿನ ಕೆಳಗೆ ನೂರು ಜನ ಕೈಯಾಡಿಸಿದರೆ ಬೆಂಚಿಗೆ ಏನೂ ಆಗುವುದಿಲ್ಲ. ಸಮುದ್ರ ಮಟ್ಟದಿಂದ ಸಾವಿರಾರು ಅಡಿ ಎತ್ತರದಲ್ಲಿ, ತೆಳುವಾದ ಮಣ್ಣಿನ ಪದರದ ಮೇಲೆ ಬೆಳೆದ ಪಾಚಿಯನ್ನು ನೂರು ಜನ ತುಳಿದರೆ ಅದು ಮತ್ತೆ ಚಿಗುರಲು ವರ್ಷಗಳೇ ಬೇಕು. ಈ ಕಾರಣದಿಂದಲೇ ಹಲವು ದೇಶಗಳಲ್ಲಿ ಅರಣ್ಯಾಧಿಕಾರಿಗಳು ಈ ಆಟವನ್ನು ಸಂಶಯದಿಂದ ನೋಡಿದ್ದಾರೆ, ಕೆಲವೆಡೆ ನಿಷೇಧಿಸಿಯೂ ಇದ್ದಾರೆ. ನಮ್ಮ ಚಾರಣಪ್ರಿಯರಲ್ಲಿಯೂ ಈ ಆಟದ ಪರಿಚಯವಿರುವವರು ಇರುವುದರಿಂದ, ಅದರ ನಿಯಮಗಳನ್ನೂ ನಿಯಮಗಳ ಹಿಂದಿರುವ ಕಾರಣಗಳನ್ನೂ ಇಲ್ಲಿ ವಿವರಿಸಲಾಗಿದೆ.

ಒಂದು ಬಕೆಟ್ಟಿನಿಂದ ಆರಂಭ

ಅಮೆರಿಕ ಸರ್ಕಾರವು ನಾಗರಿಕ ಬಳಕೆಯ ಜಿಪಿಎಸ್ ಸಂಕೇತದಲ್ಲಿ ಭದ್ರತೆಯ ದೃಷ್ಟಿಯಿಂದ ಬೇಕೆಂದೇ ದೋಷವನ್ನು ಬೆರೆಸುತ್ತಿತ್ತು. ಇದರಿಂದಾಗಿ ಸಾಮಾನ್ಯ ಉಪಕರಣವು ತೋರಿಸುವ ಸ್ಥಾನಕ್ಕೂ ನಿಜವಾದ ಸ್ಥಾನಕ್ಕೂ ಸುಮಾರು 100 ಮೀಟರುಗಳಷ್ಟು ವ್ಯತ್ಯಾಸ ಬರುತ್ತಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ 2000ದ ಮೇ ತಿಂಗಳ ಆರಂಭದಲ್ಲಿ ಈ ಪದ್ಧತಿ ನಿಂತುಹೋಯಿತು. ಇದ್ದಕ್ಕಿದ್ದಂತೆ ಸಾಮಾನ್ಯರ ಕೈಯಲ್ಲಿದ್ದ ಉಪಕರಣಗಳೂ ನಿಖರವಾದವು. ಇದನ್ನು ಪರೀಕ್ಷಿಸಿಯೇ ಬಿಡೋಣವೆಂದು ಗಣಕ ಸಲಹೆಗಾರರಾಗಿದ್ದ ಡೇವ್ ಅಲ್ಮರ್ ಎಂಬುವರು ಮೇ 3ರಂದು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಸಮೀಪ ಕಪ್ಪು ಬಣ್ಣದ ಬಕೆಟ್ ಒಂದನ್ನು ಅಡಗಿಸಿಟ್ಟು, ಅದರ ಸ್ಥಾನವನ್ನು (ಉತ್ತರ 45° 17.460', ಪಶ್ಚಿಮ 122° 24.800') ಅಂತರ್ಜಾಲದ ಚರ್ಚಾಗುಂಪಿನಲ್ಲಿ ಬಹಿರಂಗಪಡಿಸಿದರು. ಕೆಲವೇ ದಿನಗಳಲ್ಲಿ ಮೈಕ್ ಟೀಗ್ ಎಂಬುವರು ಅದನ್ನು ಪತ್ತೆ ಹಚ್ಚಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಶ್ ಅವರು ಜಿಯೋಕ್ಯಾಶಿಂಗ್ ಡಾಟ್ ಕಾಮ್ ತಾಣವನ್ನು ಆರಂಭಿಸಿದರು. ಸಿಯಾಟಲ್ ನಗರದಲ್ಲಿ ಕಚೇರಿಯನ್ನು ಹೊಂದಿರುವ ಈ ತಾಣವೇ ಇಂದಿಗೂ ಆಟದ ಪ್ರಮುಖ ಕೇಂದ್ರ.

ಸ್ವಾರಸ್ಯವೆಂದರೆ, ಆ ಪ್ರಥಮ ಬಕೆಟ್ ಅರ್ಧ ನೆಲದೊಳಗೆ ಹೂತಿತ್ತು. ಅದರಲ್ಲಿ ಪುಸ್ತಕ, ಕವಣೆ ಮುಂತಾದವುಗಳ ಜೊತೆ ಬೇಯಿಸಿದ ಕಾಳಿನ ತಿನಿಸಿನ ಡಬ್ಬವೂ ಇತ್ತು. ನೆಲ ಅಗೆಯಬಾರದು, ಆಹಾರ ಪದಾರ್ಥ ಇಡಬಾರದು ಎಂಬುದು ಇಂದಿನ ಕಟ್ಟುನಿಟ್ಟಿನ ನಿಯಮ. ಅಂದರೆ ಜಗತ್ತಿನ ಮೊದಲ ಡಬ್ಬಿಗೆ ಇಂದು ಅನುಮತಿ ಸಿಗುತ್ತಿರಲಿಲ್ಲ! ನಿಯಮಗಳು ಮೇಜಿನ ಮುಂದೆ ಕುಳಿತು ಬರೆದವಲ್ಲ, ಅನುಭವದಿಂದ ಒಂದೊಂದಾಗಿ ಸೇರಿದವು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕೊನೆಯ ಹತ್ತು ಮೀಟರಿನ ಸಮಸ್ಯೆ

ಡಬ್ಬಿಯಿಂದ ಬೆಟ್ಟಕ್ಕೆ ಹಾನಿಯಾಗುವುದು ಹೇಗೆ? ಡಬ್ಬಿ ಅಂಗೈ ಅಗಲದ್ದು. ಅದು ತಾನಾಗಿ ಏನನ್ನೂ ಮಾಡದು. ಹಾನಿಯೆಲ್ಲ ಆಗುವುದು ಹುಡುಕಾಟದ ಕೊನೆಯ ಹತ್ತು ಮೀಟರಿನಲ್ಲಿ.

ಲೆಕ್ಕ ಹಾಕಿ ನೋಡೋಣ. ಬಯಲಿನಲ್ಲಿ, ಆಕಾಶ ನಿಚ್ಚಳವಾಗಿರುವಾಗ, ಮೊಬೈಲ್ ದೂರವಾಣಿಯ ಜಿಪಿಎಸ್ ಸುಮಾರು 5 ಮೀಟರುಗಳಷ್ಟು ನಿಖರವಾಗಿರುತ್ತದೆ. ದಟ್ಟವಾದ ಮರಗಳ ಕೆಳಗೆ ಅಥವಾ ಕಡಿದಾದ ಬಂಡೆಯ ಪಕ್ಕದಲ್ಲಿ ಈ ನಿಖರತೆ ಉಳಿಯುವುದಿಲ್ಲ. ಉಪಗ್ರಹದ ಸಂಕೇತವು ಬಂಡೆಗೆ ಬಡಿದು ಪ್ರತಿಫಲಿಸಿ ತಡವಾಗಿ ತಲುಪುವುದರಿಂದ ಉಪಕರಣವು ದೂರವನ್ನು ತಪ್ಪಾಗಿ ಲೆಕ್ಕ ಹಾಕುತ್ತದೆ. ಡಬ್ಬಿಯನ್ನು ಇಟ್ಟವರ ಉಪಕರಣಕ್ಕೂ ಇದೇ ದೋಷವಿರುತ್ತದೆ, ಹುಡುಕುವವರ ಉಪಕರಣಕ್ಕೂ ಇರುತ್ತದೆ. ಎರಡೂ ದೋಷಗಳು ಸೇರಿ 10 ಮೀಟರ್ ಆಯಿತೆಂದುಕೊಂಡರೆ ಹುಡುಕಬೇಕಾದ ವೃತ್ತದ ವಿಸ್ತೀರ್ಣ ಸುಮಾರು 314 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಮೂರು 30-40ರ ನಿವೇಶನಗಳಷ್ಟು ಜಾಗ. ದೋಷ 20 ಮೀಟರ್ ಆದರೆ ವಿಸ್ತೀರ್ಣ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಆ ಜಾಗದಲ್ಲಿರುವ ಪ್ರತಿಯೊಂದು ಕಲ್ಲನ್ನೂ ಎತ್ತಿ, ಬಿದ್ದ ಮರದ ತೊಗಟೆಯನ್ನು ಕಿತ್ತು, ಪೊದೆಯನ್ನು ಸರಿಸಿ ನೋಡಿದವರು ಒಬ್ಬರಾದ ಮೇಲೆ ಒಬ್ಬರಂತೆ ಬರತೊಡಗಿದರೆ ಏನಾದೀತೆಂದು ಊಹಿಸಬಹುದು. ಮೊದಲು ಹುಲ್ಲು ಬಾಗುತ್ತದೆ, ಅನಂತರ ಸಾಯುತ್ತದೆ, ಬಳಿಕ ಮಣ್ಣು ತೆರೆದುಕೊಂಡು ಮಳೆಗೆ ಕೊಚ್ಚಿಹೋಗುತ್ತದೆ. ಮುಖ್ಯ ಹಾದಿಯಿಂದ ಡಬ್ಬಿಯವರೆಗೆ ಹೊಸದೊಂದು ಕಾಲುದಾರಿ ಮೂಡುತ್ತದೆ. ಆಟಗಾರರು ಇದನ್ನು ‘ಜಿಯೋಟ್ರೇಲ್’ ಎಂದು ಕರೆಯುತ್ತಾರೆ. ಈ ದಾರಿ ಕಾಣಿಸಿದರೆ ಡಬ್ಬಿ ಹತ್ತಿರದಲ್ಲಿದೆ ಎಂದು ಸಂತೋಷಪಡುವವರಿದ್ದಾರೆ. ಅರಣ್ಯ ಕಾಯುವವರಿಗೆ ಅದು ಗಾಯದ ಗುರುತು.

ಕಲ್ಲನ್ನು ಎತ್ತುವುದು ಅಷ್ಟೇನೂ ಚಿಕ್ಕ ವಿಷಯವಲ್ಲ. ಕಲ್ಲಿನ ಅಡಿಯ ತೇವವೇ ಕಪ್ಪೆ, ಸಿಸಿಲಿಯನ್, ಶತಪದಿ, ಚೇಳು ಮೊದಲಾದವುಗಳ ಮನೆ. ಎತ್ತಿದ ಕಲ್ಲನ್ನು ಪಕ್ಕಕ್ಕೆ ಉರುಳಿಸಿ ಹೋದರೆ ಆ ಜೀವಿಗಳ ಆಶ್ರಯ ಬಿಸಿಲಿಗೆ ಬಿದ್ದಂತೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ: ಕಾಣದ ಬಿರುಕಿನೊಳಗೆ ಕೈ ಹಾಕಿದವರಿಗೆ ಡಬ್ಬಿಯ ಬದಲು ಹಾವು ಎದುರಾಗಬಹುದು. ಕೋಲಿನಿಂದ ಮೊದಲು ತಟ್ಟಿ, ಕಣ್ಣಿನಿಂದ ನೋಡಿದ ಬಳಿಕವೇ ಕೈಯಿಡುವುದು ಕ್ಷೇಮ.

ಕಾಲ್ತುಳಿತದಿಂದ ಒಂದು ಸಸ್ಯ ಸಂಕುಲವೇ ಅಳಿವಿನ ಅಂಚಿಗೆ ಹೋಗಿ ಮರಳಿದ ಉದಾಹರಣೆ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ವೈಟ್ ಪರ್ವತಗಳಲ್ಲಿದೆ. ಅಲ್ಲಿನ ಮೌಂಟ್ ವಾಷಿಂಗ್ಟನ್ ಸಮೀಪದ ಎತ್ತರದ ಬಯಲಿನಲ್ಲಿ ಬೆಳೆಯುವ ರಾಬಿನ್ಸ್ ಸಿಂಕ್‌ಫಾಯಿಲ್ ಎಂಬ ಹಳದಿ ಹೂವಿನ ಗಿಡ ನಾಣ್ಯದಷ್ಟೇ ಅಗಲ. ಅದರ ನಡುವೆಯೇ 19ನೇ ಶತಮಾನದ ಆರಂಭದಲ್ಲಿ ನಿರ್ಮಾಣವಾದ ಕ್ರಾಫರ್ಡ್ ಹಾದಿ ಹಾದುಹೋಗುತ್ತಿತ್ತು. ಚಾರಣಿಗರ ಪಾದಗಳಿಗೆ ಸಿಕ್ಕ ಗಿಡವನ್ನು 1980ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು. ಹಾದಿಯನ್ನು ಬೇರೆಡೆಗೆ ತಿರುಗಿಸಿ, ಗಿಡಗಳಿರುವ ಪ್ರದೇಶಕ್ಕೆ ಪ್ರವೇಶವನ್ನು ಮುಚ್ಚಿ, ಹೊಸ ಸಸಿಗಳನ್ನು ನೆಟ್ಟ ಮೇಲೆ ಗಿಡ ಚೇತರಿಸಿಕೊಂಡಿತು. 2002ರಲ್ಲಿ ಪಟ್ಟಿಯಿಂದ ಹೊರಬಂದಿತು. ಅಲ್ಲಿ ಹಾನಿ ಮಾಡಿದವರು ಡಬ್ಬಿ ಹುಡುಕುವವರಲ್ಲ, ಸಾಮಾನ್ಯ ಚಾರಣಿಗರು. ಆದರೆ ಹಾದಿ ಬಿಟ್ಟು ಇಳಿಯಿರಿ ಎಂದು ಕರೆಯುವ ಡಬ್ಬಿಯೊಂದು ಅಂತಹ ಜಾಗದಲ್ಲಿದ್ದಿದ್ದರೆ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಹುಡುಕುವವರು ಮಾಡಬೇಕಾದುದು

ಗುರಿ ಇನ್ನೂ 15-20 ಮೀಟರ್ ಇರುವಾಗಲೇ ನಿಂತುಬಿಡುವುದು ಜಾಣತನ. ಆ ಬಳಿಕ ಬಾಣದ ಗುರುತನ್ನು ಹಿಂಬಾಲಿಸಿ ಗಿರಕಿ ಹೊಡೆಯುವುದರಿಂದ ಪ್ರಯೋಜನವಿಲ್ಲ. ಉಪಕರಣವನ್ನು ಜೇಬಿಗಿಳಿಸಿ ಸುತ್ತಲೂ ನೋಡಬೇಕು. ಡಬ್ಬಿ ಇಡಲು ನಾನಾಗಿದ್ದರೆ ಯಾವ ಜಾಗ ಆರಿಸುತ್ತಿದ್ದೆ ಎಂದು ಯೋಚಿಸಬೇಕು. ಪ್ರಕೃತಿ ಕಲ್ಲುಗಳನ್ನು ಸಾಲಾಗಿ ಜೋಡಿಸುವುದಿಲ್ಲ, ಒಣ ಕಡ್ಡಿಗಳನ್ನು ಒಂದೇ ದಿಕ್ಕಿಗೆ ಮಲಗಿಸುವುದಿಲ್ಲ. ಅಸಹಜವಾದ ಜೋಡಣೆ ಕಂಡಲ್ಲಿ ಡಬ್ಬಿ ಇರುವ ಸಂಭವ ಹೆಚ್ಚು. ನಡೆಯುವಾಗ ಬಂಡೆ, ಜಲ್ಲಿ, ಒಣ ಹುಲ್ಲಿನಂತಹ ಗಟ್ಟಿ ನೆಲದ ಮೇಲೆಯೇ ಹೆಜ್ಜೆಯಿಡಬೇಕು. ಅಮೆರಿಕದ ‘ಲೀವ್ ನೋ ಟ್ರೇಸ್’ ಸಂಸ್ಥೆಯು ಪ್ರಚಾರ ಮಾಡುತ್ತಿರುವ ಏಳು ಸೂತ್ರಗಳಲ್ಲಿ ಇದೂ ಒಂದು. ಹಾದಿಯ ಮೇಲಿರುವಾಗ ಸಾಲಾಗಿ ಹಾದಿಯ ನಡುವೆ ನಡೆಯಬೇಕು. ಹಾದಿಯಿಲ್ಲದ ಕಡೆ ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರು ಹೆಜ್ಜೆಯಿಡದೆ ಚದುರಿ ನಡೆಯಬೇಕು. ಕೇಳಲು ವಿಚಿತ್ರವೆನಿಸಿದರೂ ಹೊಸ ಕಾಲುದಾರಿ ಮೂಡದಂತೆ ತಡೆಯುವ ಉಪಾಯವಿದು. ಗುಂಪು ದೊಡ್ಡದಿದ್ದರೆ ಎಲ್ಲರೂ ಇಳಿಯದೆ ಇಬ್ಬರು ಹುಡುಕಿ, ಉಳಿದವರು ಹಾದಿಯಲ್ಲಿಯೇ ನಿಲ್ಲುವುದು ಇನ್ನೂ ಉತ್ತಮ.

ಪ್ರತಿ ಡಬ್ಬಿಯ ವಿವರದ ಜೊತೆ ಸಾಮಾನ್ಯವಾಗಿ ಒಂದು ಸುಳಿವು ಇರುತ್ತದೆ. ರೋಮನ್ ಅಕ್ಷರಮಾಲೆಯನ್ನು 13 ಸ್ಥಾನ ಮುಂದಕ್ಕೆ ಸರಿಸುವ ಸರಳ ಗುಪ್ತಲಿಪಿಯಲ್ಲಿ ಅದನ್ನು ಬರೆದಿರುತ್ತಾರೆ, ಗುಂಡಿಯೊತ್ತಿದರೆ ಬಿಡಿಸಿಕೊಳ್ಳಬಹುದು. ಸುಳಿವು ನೋಡುವುದು ಸೋಲೊಪ್ಪಿದಂತೆ ಎಂದು ಭಾವಿಸುವ ಅಭಿಮಾನಿಗಳಿದ್ದಾರೆ. ನಗರದಲ್ಲಿ ಆ ಹಟ ಇರಲಿ. ಬೆಟ್ಟದಲ್ಲಿ ಸುಳಿವನ್ನು ಮೊದಲೇ ಓದಿಕೊಂಡು ಹೋಗುವುದೇ ಸರಿ ಎಂಬುದು ಈ ವರದಿಗಾರನ ಅಭಿಪ್ರಾಯ. ಹತ್ತು-ಹದಿನೈದು ನಿಮಿಷದಲ್ಲಿ ಸಿಗದಿದ್ದರೆ ‘ಸಿಗಲಿಲ್ಲ’ ಎಂದು ತಾಣದಲ್ಲಿ ದಾಖಲಿಸಿ ಮುಂದೆ ನಡೆಯಬೇಕು. ಈ ದಾಖಲೆ ಅವಮಾನವಲ್ಲ. ನಾಲ್ಕಾರು ಜನ ಹೀಗೆ ಬರೆದಾಗಲೇ ಡಬ್ಬಿ ಕಳೆದುಹೋಗಿದೆಯೆಂದು ಒಡೆಯರಿಗೆ ತಿಳಿಯುವುದು. ಬರೆಯದೆ ಸುಮ್ಮನಿದ್ದರೆ, ಇಲ್ಲದ ಡಬ್ಬಿಗಾಗಿ ಮುಂದಿನವರು ಬೆಟ್ಟವನ್ನು ಜಾಲಾಡುತ್ತಲೇ ಇರುತ್ತಾರೆ.

ಸಂಖ್ಯೆಗಳನ್ನು ಉಪಕರಣಕ್ಕೆ ಊಡಿಸುವಾಗ ಎಚ್ಚರ ಅಗತ್ಯ. ಈ ಆಟದಲ್ಲಿ ಡಿಗ್ರಿ ಮತ್ತು ದಶಮಾಂಶ ಮಿನಿಟುಗಳ ಪದ್ಧತಿ ಬಳಕೆಯಲ್ಲಿದೆ, ಮಿನಿಟು-ಸೆಕೆಂಡುಗಳ ಪದ್ಧತಿಯಲ್ಲ. ಅಕ್ಷಾಂಶದ ಒಂದು ಮಿನಿಟು ಸುಮಾರು 1.85 ಕಿಲೋಮೀಟರಿಗೆ ಸಮ. ಅಂದರೆ ದಶಮಾಂಶದ ಮೂರನೆಯ ಅಂಕಿ ತಪ್ಪಿದರೆ ಕೆಲವೇ ಮೀಟರುಗಳ ವ್ಯತ್ಯಾಸ, ಮೊದಲನೆಯ ಅಂಕಿ ತಪ್ಪಿದರೆ ಕಣಿವೆಯ ಆಚೆ ದಡ! ಉಪಕರಣವು ಡಬ್ಲ್ಯುಜಿಎಸ್ 84 ಮಾನಕದಲ್ಲಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಇನ್ನೊಂದು ಮಾತು: ಪರದೆಯ ಮೇಲೆ ಕಾಣುವ ದೂರ ಹಕ್ಕಿ ಹಾರುವ ನೇರ ದೂರ. ‘ಇನ್ನು 200 ಮೀಟರ್’ ಎಂದು ತೋರಿಸಿದ ಮಾತ್ರಕ್ಕೆ ಹಾದಿ ಬಿಟ್ಟು ನೇರವಾಗಿ ಇಳಿಯುವವರೇ ಕಡಿದಾದ ಇಳಿಜಾರಿನಲ್ಲಿ ಸಿಕ್ಕಿಹಾಕಿಕೊಳ್ಳುವುದು. ಹಾದಿಯ ತಿರುವುಗಳನ್ನು ಕತ್ತರಿಸಿ ಅಡ್ಡ ಇಳಿದರೆ ಮಣ್ಣಿನ ಸವಕಳಿಯೂ ಹೆಚ್ಚುತ್ತದೆ.

ಅಡಗಿಸುವವರ ಹೊಣೆ ಇನ್ನೂ ದೊಡ್ಡದು

ಹುಡುಕಿದವರು ಬಂದು ಹೋಗುತ್ತಾರೆ. ಅಡಗಿಸಿದವರು ವರ್ಷಗಟ್ಟಲೆ ಜನರನ್ನು ಒಂದು ಜಾಗಕ್ಕೆ ಕರೆಯುತ್ತಿರುತ್ತಾರೆ. ಹಾಗಾಗಿ ಸ್ಥಳದ ಆಯ್ಕೆಯೇ ಅರ್ಧ ಹೊಣೆ. ಹಾದಿಯಿಂದ ಕೈಗೆಟಕುವ ದೂರದಲ್ಲಿ, ಬಂಡೆಯ ಅಥವಾ ಗಟ್ಟಿ ನೆಲದ ಬದಿಯಲ್ಲಿ ಇಟ್ಟ ಡಬ್ಬಿಯಿಂದ ಹಾನಿ ಕಡಿಮೆ. ಜೌಗು ನೆಲ, ತೊರೆಯ ದಂಡೆ, ಹಕ್ಕಿ ಗೂಡಿನ ಬಂಡೆ, ಪಾಚಿ ಬೆಳೆದ ಇಳಿಜಾರು ಇವು ವರ್ಜ್ಯ. ಬ್ರಿಟನ್ನಿನಲ್ಲಿ ಗಾರೆಯಿಲ್ಲದೆ ಕಟ್ಟಿದ ಹಳೆಯ ಕಲ್ಲುಗೋಡೆಗಳ ಸಂದಿಯಲ್ಲಿ ಡಬ್ಬಿ ಇಡುವುದಕ್ಕೆ ಆಕ್ಷೇಪವಿದೆ, ಏಕೆಂದರೆ ಹುಡುಕುವವರು ಗೋಡೆಯನ್ನೇ ಕಳಚುತ್ತಾರೆ. ನಮ್ಮ ಗಿರಿದುರ್ಗಗಳ ಪಾಳು ಗೋಡೆಗಳಿಗೂ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ. ಗುಹೆಗಳಲ್ಲಿ ಇಡುವುದೂ ಒಳ್ಳೆಯದಲ್ಲ. ಶೀತ ದೇಶಗಳಲ್ಲಿ ಚಳಿಗಾಲದ ನಿದ್ರೆಯಲ್ಲಿರುವ ಬಾವಲಿಗಳು ಎಚ್ಚರಗೊಂಡರೆ ಶೇಖರಿಸಿಟ್ಟ ಕೊಬ್ಬು ಕರಗಿ, ವಸಂತದವರೆಗೆ ಬದುಕುಳಿಯುವುದು ಕಷ್ಟವಾಗುತ್ತದೆ. ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ 2006ರಲ್ಲಿ ಮೊದಲು ಕಂಡುಬಂದ ‘ಬಿಳಿ ಮೂಗಿನ ರೋಗ’ ಉತ್ತರ ಅಮೆರಿಕದಲ್ಲಿ ಲಕ್ಷಾಂತರ ಬಾವಲಿಗಳನ್ನು ಬಲಿ ತೆಗೆದುಕೊಂಡಿದೆ. ಅದರ ಶಿಲೀಂಧ್ರ ಮನುಷ್ಯರ ಬೂಟು-ಬಟ್ಟೆಗಳ ಮೂಲಕವೂ ಗುಹೆಯಿಂದ ಗುಹೆಗೆ ಸಾಗಬಲ್ಲದು.

ಮರಕ್ಕೆ ಮೊಳೆ ಹೊಡೆಯುವುದು, ನೆಲ ಅಗೆದು ಹೂಳುವುದು ನಿಯಮಬಾಹಿರ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್, ಅಂದರೆ ಮೈಲಿಯ ಹತ್ತನೆಯ ಒಂದು ಭಾಗದಷ್ಟು ಅಂತರವಿರಬೇಕು. ಆಹಾರ, ಸಾಬೂನು, ಸುವಾಸನೆಯ ಮೇಣದಬತ್ತಿ ಮೊದಲಾದವು ಒಳಗಿರಬಾರದು. ಅಲ್ಲಿ ಕರಡಿ ಬಂದರೆ ಇಲ್ಲಿ ಕೋತಿ ಬರುತ್ತದೆ. ಒಮ್ಮೆ ತಿನಿಸು ಸಿಕ್ಕಿದ ಜಾಗವನ್ನು ಎರಡೂ ಮರೆಯುವುದಿಲ್ಲ. ಡಬ್ಬಿ ನೀರು ಹೊಗದಂತಿರಬೇಕು. ಮಲೆನಾಡಿನ ಮಳೆಗೆ ಅಡುಗೆಮನೆಯ ಅಗ್ಗದ ಪ್ಲಾಸ್ಟಿಕ್ ಡಬ್ಬ ಒಂದು ಮಳೆಗಾಲವನ್ನೂ ತಾಳಲಾರದು. ಹೊಸ ಡಬ್ಬಿಗಳ ವಿವರವನ್ನು ಸ್ವಯಂಸೇವಕ ಪರಿಶೀಲಕರು ನೋಡಿದ ಮೇಲೆಯೇ ತಾಣವು ಪ್ರಕಟಿಸುತ್ತದೆ. ಪ್ರವಾಸಕ್ಕೆ ಹೋದ ಊರಿನಲ್ಲಿ ಡಬ್ಬಿ ಇಟ್ಟು ಬರುವವರಿಗೆ ಸಾಮಾನ್ಯವಾಗಿ ಒಪ್ಪಿಗೆ ದೊರೆಯದು, ಆಗಾಗ್ಗೆ ಹೋಗಿ ನೋಡಿಕೊಳ್ಳಲು ಅವರಿಂದ ಆಗುವುದಿಲ್ಲವಲ್ಲ.

ಪರಿಶೀಲಕರು ದೂರದಲ್ಲಿರುವವರು, ಅವರ ಒಪ್ಪಿಗೆ ಭೂಮಿಯ ಒಡೆಯರ ಒಪ್ಪಿಗೆಗೆ ಬದಲಿಯಲ್ಲ. ಈ ವಿಷಯದಲ್ಲಿಯೇ ಆಟಕ್ಕೆ ದೊಡ್ಡ ಪೆಟ್ಟು ಬಿದ್ದಿತು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ನಿಯಮದಂತೆ ಯಾವುದೇ ವಸ್ತುವನ್ನು 24 ಗಂಟೆಗಿಂತ ಹೆಚ್ಚು ಕಾಲ ವಾರಸುದಾರರಿಲ್ಲದೆ ಬಿಟ್ಟುಹೋಗುವಂತಿಲ್ಲ. ಡಬ್ಬಿ ಅಡಗಿಸುವುದೆಂದರೆ ಅದನ್ನೇ ಮಾಡಿದಂತೆ. ಅಲ್ಲಿನ ಉದ್ಯಾನ ಸೇವೆಯು ಆರಂಭದಿಂದಲೂ ಭೌತಿಕ ಡಬ್ಬಿಗಳನ್ನು ವಿರೋಧಿಸಿತು. 2009ರ ಮಾರ್ಗಸೂಚಿಯ ಬಳಿಕ ಆಯಾ ಉದ್ಯಾನದ ಅಧಿಕಾರಿ ಬಯಸಿದರೆ ಪರಿಶೀಲಿಸಿ ಅನುಮತಿ ಕೊಡಬಹುದೆಂಬ ಅವಕಾಶ ದೊರೆಯಿತು. ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ 14 ರಾಜ್ಯಗಳಲ್ಲಿ ಸುಮಾರು 3,500 ಕಿಲೋಮೀಟರ್ ಹರಿದಿರುವ ಪ್ರಸಿದ್ಧ ಅಪಲೇಶಿಯನ್ ಹಾದಿಯನ್ನೇ ತೆಗೆದುಕೊಳ್ಳಿ. ಅದು ರಾಷ್ಟ್ರೀಯ ಉದ್ಯಾನಗಳು, ರಾಷ್ಟ್ರೀಯ ಅರಣ್ಯಗಳು, ರಾಜ್ಯಗಳ ಭೂಮಿ ಹೀಗೆ ಬೇರೆ ಬೇರೆ ಒಡೆತನಗಳ ಮೂಲಕ ಸಾಗುತ್ತದೆ. ಉದ್ಯಾನ ಸೇವೆಯ ಸ್ವಾಧೀನದಲ್ಲಿರುವ ಭಾಗಗಳಲ್ಲಿ ಡಬ್ಬಿ ಇಡುವಂತಿಲ್ಲ. ಉಳಿದೆಡೆ ಆಯಾ ಇಲಾಖೆಯನ್ನು ಕೇಳಿಕೊಳ್ಳಬೇಕು. ಒಂದೇ ಹಾದಿ, ಒಂದೇ ದಿನದ ನಡಿಗೆ. ಆದರೆ ಬೆಳಗಿನ ನಿಯಮ ಮಧ್ಯಾಹ್ನಕ್ಕಿಲ್ಲ.

ನಮ್ಮ ಘಟ್ಟಗಳಲ್ಲಿ

ಭಾರತದಲ್ಲಿ ಈ ಆಟದ ಡಬ್ಬಿಗಳು ವಿರಳ. ಕರ್ನಾಟಕದ ಜನಪ್ರಿಯ ಚಾರಣ ಹಾದಿಗಳಲ್ಲಿ ಬಹಳಷ್ಟು ಸಂರಕ್ಷಿತ ಅರಣ್ಯದೊಳಗಿವೆ. ಕುಮಾರ ಪರ್ವತವು ಪುಷ್ಪಗಿರಿ ವನ್ಯಧಾಮಕ್ಕೆ ಸೇರಿದ್ದು. ಕುದುರೆಮುಖ ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇಲ್ಲಿಗೆ ಪ್ರವೇಶಿಸುವುದಕ್ಕೇ ಅನುಮತಿ ಬೇಕು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಯ ವೇಳೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ಬಂದ ಬಳಿಕ, ಅರಣ್ಯ ಇಲಾಖೆಯು ಚಾರಣಿಗರ ಸಂಖ್ಯೆಗೆ ಮಿತಿ ಹಾಕಿ ಆನ್‌ಲೈನ್ ನೋಂದಣಿಯ ವ್ಯವಸ್ಥೆಯನ್ನು ತಂದಿತು. ಚಾರಣದ ಟಿಕೆಟ್ ನಡೆಯುವುದಕ್ಕೆ ಮಾತ್ರ ಪರವಾನಗಿ. ಹಾದಿ ಬಿಟ್ಟು ಇಳಿಯುವುದಕ್ಕಾಗಲಿ, ಕಾಡಿನಲ್ಲಿ ವಸ್ತುವೊಂದನ್ನು ಬಿಟ್ಟುಬರುವುದಕ್ಕಾಗಲಿ ಅದು ಅನುಮತಿಯಲ್ಲ. ಹಾಗಾಗಿ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಲ್ಲಿ ಡಬ್ಬಿ ಇಡುವ ಯೋಚನೆಯನ್ನೇ ಬಿಡುವುದು ಒಳಿತು. ಕಾಡಿನ ಹೊರಗೆ, ಕಾಫಿ ತೋಟದ ಅಂಚಿನ ಹಾದಿಯಲ್ಲಿಯೋ ಖಾಸಗಿ ಜಮೀನಿನ ಗುಡ್ಡದಲ್ಲಿಯೋ ಇಡುವುದಾದರೆ ಒಡೆಯರನ್ನು ಕಂಡು, ಆಟವನ್ನು ವಿವರಿಸಿ, ಒಪ್ಪಿಗೆ ಪಡೆಯಬೇಕು.

ದೇವಸ್ಥಾನದ ಆವರಣ, ನಾಗಬನ, ಕೊಡಗಿನಲ್ಲಿ ಸಾವಿರಕ್ಕೂ ಮಿಕ್ಕಿ ಇರುವ ದೇವರಕಾಡುಗಳು ಇವುಗಳಿಂದ ದೂರವಿರಬೇಕು. ಅಲ್ಲಿ ಕಲ್ಲನ್ನು ಕದಲಿಸಿದರೆ ಅದು ಪರಿಸರದ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಪಾಳು ಗುಡಿ, ಕೋಟೆಗಳಲ್ಲಿ ನಿಧಿಗಾಗಿ ಅಗೆಯುವವರ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಕೈಯಲ್ಲೊಂದು ಉಪಕರಣ ಹಿಡಿದು, ಸಂಜೆಯ ಹೊತ್ತಿನಲ್ಲಿ ಹಳೆಯ ಕಲ್ಲುಗಳ ನಡುವೆ ತಡಕಾಡುವ ಅಪರಿಚಿತರನ್ನು ಕಂಡ ಗ್ರಾಮಸ್ಥರು ‘ನಿಧಿಗಳ್ಳರು’ ಎಂದು ಶಂಕಿಸಿದರೆ ಅವರನ್ನು ದೂರುವಂತಿಲ್ಲ. ಪರದೇಶದ ಮಾರ್ಗದರ್ಶಿಗಳಲ್ಲಿ ಈ ಎಚ್ಚರಿಕೆ ಕಾಣಸಿಗದು. ಬೆಟ್ಟದ ಬುಡದ ಊರಿನಲ್ಲಿ ಚಹಾ ಕುಡಿಯುವಾಗಲೇ ತಾವು ಯಾರು, ಏನು ಹುಡುಕಲು ಬಂದಿರುವುದು ಎಂಬುದನ್ನು ನಾಲ್ಕು ಜನರಿಗೆ ತಿಳಿಸಿ ಹೋಗುವುದು ಎಲ್ಲಕ್ಕಿಂತ ಉತ್ತಮ ಭದ್ರತೆ. ದಾರಿ ತಪ್ಪಿದರೆ ಹುಡುಕಿಕೊಂಡು ಬರುವವರೂ ಅವರೇ.

ವಾರಸುದಾರರಿಲ್ಲದ ಪೆಟ್ಟಿಗೆಯ ಬಗ್ಗೆ ಪೊಲೀಸರ ಶಂಕೆಯೂ ಸಹಜ. ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ 2011ರಲ್ಲಿ ಆಟದ ಡಬ್ಬಿಯೊಂದನ್ನು ಸಂಶಯಾಸ್ಪದ ವಸ್ತುವೆಂದು ಭಾವಿಸಿ, ರಸ್ತೆಯನ್ನು ಬಂದ್ ಮಾಡಿ, ಬಾಂಬ್ ನಿಷ್ಕ್ರಿಯ ದಳವು ಸ್ಫೋಟಿಸಿತು. ಪಾರದರ್ಶಕ ಡಬ್ಬಿ, ಮೇಲ್ಭಾಗದಲ್ಲಿ ಆಟದ ಹೆಸರು ಹಾಗೂ ವಿವರಣೆಯ ಚೀಟಿ ಇದ್ದರೆ ಗಾಬರಿ ತಪ್ಪುತ್ತದೆ. ನಮ್ಮಲ್ಲಿ ಚೀಟಿ ಕನ್ನಡದಲ್ಲಿಯೂ ಇರಬೇಕು. ಅಣೆಕಟ್ಟು, ರೈಲು ಹಳಿ, ಬೆಟ್ಟದ ತುದಿಯ ದೂರಸಂಪರ್ಕ ಗೋಪುರಗಳ ಬಳಿ ಇಡುವ ಸಾಹಸ ಬೇಡ.

ಉಪಕರಣದ ವಿಷಯದಲ್ಲಿಯೂ ಒಂದು ಸೂಚನೆ. ಸಂಕೇತವನ್ನು ಸ್ವೀಕರಿಸುವ ಸಾಮಾನ್ಯ ಜಿಪಿಎಸ್‌ಗೂ, ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಗಾರ್ಮಿನ್ ಇನ್‌ರೀಚ್‌ನಂತಹ ಸಾಧನಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ತಿಳಿಯದೆ ತಂದ ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದಿದ್ದಾರೆ. ಅಮೆರಿಕದಲ್ಲಿರುವ ಕನ್ನಡಿಗರು ರಜೆಗೆ ಬರುವಾಗ ಅಲ್ಲಿನ ಚಾರಣದ ಚೀಲವನ್ನು ಹಾಗೆಯೇ ಹೊತ್ತು ತರುವ ಮುನ್ನ ಒಳಗೇನಿದೆಯೆಂದು ನೋಡಿಕೊಳ್ಳಬೇಕು.

ಮಳೆ, ಉಣುಗು, ಕತ್ತಲು

ಡಬ್ಬಿ ಇನ್ನೇನು ಸಿಕ್ಕಿತು ಎಂಬ ಆಸೆಯೇ ಈ ಆಟದ ಅತಿ ದೊಡ್ಡ ಅಪಾಯ. ಪ್ರಾಗ್ ನಗರದಲ್ಲಿ 2018ರ ಜೂನ್ ತಿಂಗಳಲ್ಲಿ ಡಬ್ಬಿಗಾಗಿ ನೆಲದಡಿಯ ನೀರುಗಾಲುವೆಗೆ ಇಳಿದ ನಾಲ್ವರ ಪೈಕಿ ಇಬ್ಬರು ದಿಢೀರ್ ಮಳೆಯ ಪ್ರವಾಹದಲ್ಲಿ ಪ್ರಾಣ ಕಳೆದುಕೊಂಡರು. ಘಟ್ಟದ ಹಳ್ಳಗಳೂ ಹಾಗೆಯೇ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಕಾಡಿನಲ್ಲಿ ಸುರಿದ ಮಳೆ ಅರ್ಧ ಗಂಟೆಯಲ್ಲಿ ಹಳ್ಳವನ್ನು ದಾಟಲಾಗದಂತೆ ಮಾಡಬಲ್ಲದು. ಹಿಂದಿರುಗುವ ಹೊತ್ತನ್ನು ಹೊರಡುವ ಮೊದಲೇ ನಿಗದಿ ಮಾಡಿಕೊಂಡು, ಡಬ್ಬಿ ಸಿಗಲಿ ಬಿಡಲಿ, ಆ ಹೊತ್ತಿಗೆ ತಿರುಗಿಬಿಡಬೇಕು. ನಕ್ಷೆಯನ್ನು ಮನೆಯಲ್ಲಿಯೇ ಫೋನಿಗೆ ಇಳಿಸಿಕೊಂಡಿರಬೇಕು. ಬೆಟ್ಟದ ಮೇಲೆ ಜಿಪಿಎಸ್ ಸಿಗುತ್ತದೆ, ನೆಟ್‌ವರ್ಕ್ ಸಿಗುವುದಿಲ್ಲ. ಸತತವಾಗಿ ಜಿಪಿಎಸ್ ಬಳಸಿದರೆ ಬ್ಯಾಟರಿ ಬೇಗ ಬರಿದಾಗುವುದರಿಂದ ಕಾಗದದ ಮೇಲೆ ಅಂಕಿಗಳನ್ನು ಬರೆದುಕೊಂಡಿರುವುದೂ ಲೇಸು.

ಮಳೆಗಾಲದ ಇಂಬಳದಿಂದ ಕಿರಿಕಿರಿಯಷ್ಟೇ, ಪ್ರಾಣಾಪಾಯವಿಲ್ಲ. ಬೇಸಿಗೆಯ ಉಣುಗಿನ ಮಾತು ಬೇರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ. ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಹಾವಳಿ. ತರಗೆಲೆಯ ರಾಶಿಯಲ್ಲಿ ಮೊಣಕಾಲೂರಿ ಕೈಯಾಡಿಸುವುದು ಉಣುಗನ್ನು ಮೈಗೆ ಹತ್ತಿಸಿಕೊಳ್ಳುವ ನೇರ ಮಾರ್ಗ. ಕಾಯಿಲೆ ವರದಿಯಾದ ಸೀಮೆಗಳಲ್ಲಿ ಆ ತಿಂಗಳುಗಳಲ್ಲಿ ಹಾದಿ ಬಿಟ್ಟು ಇಳಿಯಬಾರದು. ಸತ್ತ ಮಂಗ ಕಂಡರೆ ಸಮೀಪಕ್ಕೆ ಹೋಗದೆ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು.

ಡಬ್ಬಿಯೇ ಇಲ್ಲದ ಆಟ

ಬೆಟ್ಟಕ್ಕೆ ಎಲ್ಲಕ್ಕಿಂತ ಹೊಂದುವುದು ‘ಅರ್ಥ್‌ಕ್ಯಾಶ್’ ಎಂಬ ಪ್ರಕಾರ. ಅಮೆರಿಕದ ಭೂವೈಜ್ಞಾನಿಕ ಸಂಘವು 2004ರಲ್ಲಿ ಇದನ್ನು ಆರಂಭಿಸಿತು. ಮೊದಲನೆಯದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಸ್ಥಾಪನೆಯಾಯಿತು. ಇಲ್ಲಿ ಡಬ್ಬಿಯೂ ಇಲ್ಲ, ಪುಸ್ತಕವೂ ಇಲ್ಲ. ಸ್ಥಳಕ್ಕೆ ಹೋಗಿ ಅಲ್ಲಿನ ಶಿಲೆಯನ್ನೋ ಕಣಿವೆಯನ್ನೋ ಗಮನಿಸಿ, ಪದರಗಳೆಷ್ಟು, ಬಣ್ಣ ಯಾವುದು, ಬಿರುಕು ಯಾವ ದಿಕ್ಕಿನಲ್ಲಿದೆ ಎಂಬಂತಹ ಪ್ರಶ್ನೆಗಳಿಗೆ ಉತ್ತರ ಕಳುಹಿಸಿದರೆ ‘ಸಿಕ್ಕಿತು’ ಎಂದು ಲೆಕ್ಕ. ಇದಕ್ಕೂ ಭೂಮಿಯ ಒಡೆಯರ ಒಪ್ಪಿಗೆ ಬೇಕು, ಆದರೆ ನೆಲಕ್ಕೆ ಬೀಳುವ ಹೊರೆ ಅತ್ಯಲ್ಪ. ಉಡುಪಿ ಸಮೀಪದ ಸೇಂಟ್ ಮೇರೀಸ್ ದ್ವೀಪದ ಕಂಬ ಶಿಲೆಗಳು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇವೆಲ್ಲ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯವು ಗುರುತಿಸಿದ ರಾಷ್ಟ್ರೀಯ ಸ್ಮಾರಕಗಳು. ಚಾರಣಪ್ರಿಯ ಶಾಲಾ ಶಿಕ್ಷಕರು ಮನಸ್ಸು ಮಾಡಿದರೆ ಮಕ್ಕಳಿಗೆ ಈ ಮಾದರಿಯಲ್ಲಿ ಪಾಠ ಹೇಳಬಹುದು. ಅದಕ್ಕೆ ತಾಣದ ನೋಂದಣಿಯೂ ಬೇಕಿಲ್ಲ, ಒಂದು ಪ್ರಶ್ನಾವಳಿಯ ಹಾಳೆ ಸಾಕು.

ಕೈಬಿಟ್ಟ ಡಬ್ಬಿಗಳ ವಿಲೇವಾರಿ

ಒಡೆಯರು ಊರು ಬಿಟ್ಟರು, ಆಸಕ್ತಿ ಕಳೆದುಕೊಂಡರು, ಡಬ್ಬಿ ಮಾತ್ರ ಬೆಟ್ಟದಲ್ಲಿ ಉಳಿಯಿತು ಎಂಬುದು ಎಲ್ಲ ದೇಶಗಳಲ್ಲಿಯೂ ಇರುವ ದೂರು. ತಾಣದ ಪಟ್ಟಿಯಿಂದ ತೆಗೆದುಹಾಕಿದ ಮಾತ್ರಕ್ಕೆ ಡಬ್ಬಿ ಮಾಯವಾಗುವುದಿಲ್ಲ. ಅಂದಿನಿಂದ ಅದು ಕಸ. ಪಟ್ಟಿಯಿಂದ ತೆಗೆಯುವ ಮೊದಲು ಒಡೆಯರೇ ಹೋಗಿ ಡಬ್ಬಿಯನ್ನು ಹಿಂದಕ್ಕೆ ತರತಕ್ಕದ್ದು. ಒಡೆದ ಡಬ್ಬಿ ಕಂಡ ಚಾರಣಿಗರು ಅದನ್ನು ತಾವಾಗಿಯೇ ಕಿತ್ತುಕೊಂಡು ಬಂದರೆ ಕೆಲವೊಮ್ಮೆ ಒಡೆಯರು ಹೊಸದನ್ನು ತಂದಿಡಲು ಹೊರಟಿರುವ ಸಂದರ್ಭದಲ್ಲಿಯೇ ಗೊಂದಲವಾಗುತ್ತದೆ. ಆದ್ದರಿಂದ ಮೊದಲು ತಾಣದಲ್ಲಿ ‘ದುರಸ್ತಿ ಬೇಕು’ ಎಂದು ದಾಖಲಿಸಬೇಕು. ಉತ್ತರ ಬಾರದಿದ್ದರೆ ಪರಿಶೀಲಕರು ಒಡೆಯರಿಗೆ ಗಡುವು ಕೊಟ್ಟು, ಆ ಬಳಿಕ ಪಟ್ಟಿಯಿಂದ ತೆಗೆಯುತ್ತಾರೆ. ಸುತ್ತಲೂ ಚದುರಿದ ಪ್ಲಾಸ್ಟಿಕ್ ಚೂರು, ನೀರು ಹೊಕ್ಕ ಕಾಗದ ಮುಂತಾದವನ್ನು ಮಾತ್ರ ಕೂಡಲೇ ಚೀಲಕ್ಕೆ ತುಂಬಿಕೊಂಡು ಬರಬಹುದು. ಆಟಗಾರರು 2002ರಿಂದಲೂ ಹಾದಿಯ ಕಸ ಹೆಕ್ಕುವ ಕಾರ್ಯಕ್ರಮವನ್ನು ಜಗತ್ತಿನಾದ್ಯಂತ ನಡೆಸಿಕೊಂಡು ಬರುತ್ತಿದ್ದಾರೆ. ಚೀಲದಲ್ಲಿ ಒಂದು ಖಾಲಿ ಗೋಣಿಯೋ ದಪ್ಪನೆಯ ಕವರೋ ಇದ್ದರೆ ಅದಕ್ಕೆ ಬೇರೆ ಸಿದ್ಧತೆ ಬೇಕಿಲ್ಲ. ಇಳಿಯುವಾಗ ಹೆಕ್ಕಿದ ಕಸವನ್ನು ಬೆಟ್ಟದ ಬುಡದ ಹಳ್ಳಿಯಲ್ಲಿ ಸುರಿಯದೆ, ವಿಲೇವಾರಿ ವ್ಯವಸ್ಥೆ ಇರುವ ಪೇಟೆಯವರೆಗೆ ಕೊಂಡೊಯ್ಯಬೇಕು.